ಮೋಹಿನಿ ಕೂತ ಕುರ್ಚಿ

ಮೋಹಿನಿಯ ಎಡಗಾಲಿನ ಹುಣ್ಣನ್ನು ಮೊದಲು ಪತ್ತೆ ಮಾಡಿದ್ದು ನನ್ನ ಮೂಗು. ಒಂದು ಭಾನುವಾರ ಬೆಳಿಗ್ಗೆ ಅವಳು ನಮ್ಮ ಜಗಲಿಯಲ್ಲಿ ಕೂತು ಅಲಸಂಡೆ ಮುರಿಯುತ್ತಿದ್ದಳು. ಎಲ್ಲೋ ಇಲಿ ಸತ್ತಿದೆ ಎಂದುಕೊಂಡು ನಾನು ಅಕ್ಕಿ ಡಬ್ಬಿಯ ಹಿಂದೆ, ಕಟ್ಟಿಗೆಯ ಎಡೆಯಲ್ಲಿ, ಮಂಚದ ಅಡಿಯಲ್ಲಿ ಹುಡುಕಿದೆ. ಇಲಿ ಇರಲಿಲ್ಲ. ಜಗಲಿಗೆ ವಾಪಸು ಬಂದರೆ ನೊಣಗಳು ಅವಳ ಸೀರೆಯ ಅಂಚಿಗೇ ಹೋಗಿ ಹೋಗಿ ಕೂರುತ್ತಿದ್ದವು. ಅವಳು ಅಲಸಂಡೆ ಹಿಡಿದ ಕೈಯಿಂದಲೇ ಓಡಿಸುತ್ತಿದ್ದಳು, ನನ್ನ ಮುಖ ನೋಡುತ್ತಿರಲಿಲ್ಲ.

"ಎಂತದು ಮಾರಾಯ್ತಿ ಅದು? ಕಾಲು ತೋರಿಸು."

"ಎಂತ ಇಲ್ಲ ದೊಡ್ಡಮ್ಮ. ಸೊಳ್ಳೆ ಕಚ್ಚಿದ್ದನ್ನು ತುರಿಸಿದ್ದು."

"ಹಾಗಾದ್ರೆ ಅದು ನಾಯಿಯಷ್ಟು ದೊಡ್ಡ ಸೊಳ್ಳೆ. ತೋರಿಸು ಅಂದೆ."

ಸೀರೆ ಎತ್ತಿದಳು. ಕಾಲಿನ ಗಂಟಿನ ಸ್ವಲ್ಪ ಮೇಲೆ ಅಂಗೈಯಗಲ ಚರ್ಮವೇ ಇರಲಿಲ್ಲ. ಅಂಚು ಕಪ್ಪು, ನಡುವೆ ಹಳದಿ ನೀರು. ಅಲ್ಲಿಂದ ಮೊಣಕಾಲಿನವರೆಗೆ ನರಗಳು ಗಂಟುಗಂಟಾಗಿ ಎದ್ದಿದ್ದವು, ಚರ್ಮದ ಅಡಿಯಲ್ಲಿ ಎರೆಹುಳಗಳು ಸುತ್ತಿಕೊಂಡು ಮಲಗಿದ ಹಾಗೆ. ಹುಣ್ಣಿಗೆ ತಾನು ಕೆಲಸಕ್ಕೆ ಹೋಗುವ ಅಂಗಡಿಯ ರವಿಕೆ ಬಟ್ಟೆಯ ತುಂಡು ಕಟ್ಟಿದ್ದಳು. ಅದು ಮಾಂಸಕ್ಕೆ ಅಂಟಿಕೊಂಡು ಬಿಟ್ಟಿತ್ತು. ನಾನು ಹಾಸಿಗೆ ಹಿಡಿದ ಗಂಡನ ಆರೈಕೆ ಮಾಡಿದವಳು, ಸತ್ತವರ ಮೈ ತೊಳೆದವಳು. ಆದರೂ ಮುಖ ಆಚೆ ತಿರುಗಿಸಿದೆ.

ಮರುದಿನ ಅವಳನ್ನು ನಾನೇ ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ. ಡಾಕ್ಟರು ಕನ್ನಡಕ ಮೇಲೆ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಎಂತ ಕೆಲಸ?" ಬಟ್ಟೆ ಅಂಗಡಿ ಎಂದದ್ದೇ ತಡ, ಅವರಿಗೆ ಮತ್ತೆ ಏನೂ ಕೇಳಲಿಕ್ಕೆ ಇರಲಿಲ್ಲ. ನಿಂತು ನಿಂತು ಕಾಲಿನ ರಕ್ತ ಮೇಲೆ ಹತ್ತುತ್ತಿಲ್ಲ. ಹೀಗೇ ನಿಂತರೆ ಹುಣ್ಣು ಒಣಗುವುದಿಲ್ಲ, ಆಪರೇಷನ್ ಮಾಡಿಸಿದರೂ ತಿರುಗಿ ಬರುತ್ತದೆ, ಬಿಟ್ಟರೆ ಕಾಲೇ ಹೋದೀತು. ಕೂತು ಕೆಲಸ ಮಾಡಬೇಕು. ಕೂತಾಗ ಕಾಲನ್ನು ಯಾವುದರ ಮೇಲಾದರೂ ಎತ್ತಿ ಇಡಬೇಕು. ಮದ್ದಿಗಿಂತ ದೊಡ್ಡ ಮದ್ದು ಅದೇ ಎಂದರು.

ಹೊರಗೆ ಬಂದು ಮೋಹಿನಿ ನಕ್ಕಳು. "ಕೂರಬೇಕಂತೆ ದೊಡ್ಡಮ್ಮ. ಕೂರುವ ಕೆಲಸ ಬೇಡ ಅಂತಲೇ ಅಲ್ವಾ ನಾನು ಆ ಅಂಗಡಿಗೆ ಸೇರಿದ್ದು!"

ಹೌದು, ಅದು ನನಗೆ ಗೊತ್ತಿದ್ದ ವಿಷಯವೇ. ಬಿ.ಸಿ.ರೋಡಿನಿಂದ ಸ್ವಲ್ಪ ಒಳಗೆ ಗುಡ್ಡದ ಮೇಲೆ ಸರಕಾರದವರು ಕೊಟ್ಟ ಐದೈದು ಸೆಂಟ್ಸಿನ ಜಾಗದಲ್ಲಿ ನಮ್ಮ ಮನೆಗಳು. ಅವಳ ತಾಯಿ ಮತ್ತು ನಾನು ಒಟ್ಟಿಗೆ ಬೀಡಿ ಕಟ್ಟಿದವರು. ಬೆಳಿಗ್ಗೆ ಗಂಜಿ ಬೇಯಿಸಿಟ್ಟು, ಮಡಿಲಲ್ಲಿ ತಡ್ಪೆ, ಅಂದರೆ ಅಕ್ಕಿ ಗೇರುವ ಗೆರಸೆ, ಇಟ್ಟುಕೊಂಡು ಕೂತರೆ ಮುಗಿಯಿತು. ಎಲೆ ಕತ್ತರಿಸು, ಪುಡಿ ತುಂಬಿಸು, ಸುರುಟು, ನೂಲು ಸುತ್ತು, ಬಾಯಿ ಮಡಚು. ಕಾಲು ನೀಡಿ ಕೂತವರ ಕಾಲು ಹಾಗೆಯೇ ಮರಗಟ್ಟುತ್ತಿತ್ತು, ಬೆನ್ನು ಹಾಗೆಯೇ ಬಗ್ಗುತ್ತಿತ್ತು. ಮೋಹಿನಿಯ ತಾಯಿ ಸತ್ತಾಗ ಅವಳನ್ನು ನೆಟ್ಟಗೆ ಮಲಗಿಸಲಿಕ್ಕೆ ಆಗಲಿಲ್ಲ. ತಲೆಯ ಕಡೆ ದಿಂಬು ಕೊಟ್ಟು ಮಲಗಿಸಿದೆವು, ಕೂತು ಬೀಡಿ ಕಟ್ಟುವಾಗ ಕಣ್ಣು ಮುಚ್ಚಿದವಳ ಹಾಗೆ ಕಾಣುತ್ತಿದ್ದಳು.

ಮೋಹಿನಿ ಸಣ್ಣವಳಿರುವಾಗ ಅವಳ ಮಡಿಲಿಗೂ ಒಂದು ಸಣ್ಣ ತಡ್ಪೆ ಬಂದಿತ್ತು. ಅವಳು ಅದನ್ನು ಅಂಗಳಕ್ಕೆ ಬಿಸಾಡಿ ಓಡುತ್ತಿದ್ದಳು. ಕೂದಲಿನಲ್ಲಿ ಹೊಗೆಸೊಪ್ಪಿನ ವಾಸನೆ ಎಂದು ಅಳುತ್ತಿದ್ದಳು. ದೊಡ್ಡವಳಾದ ಮೇಲೆ ಗಂಡಿನ ಕಡೆಯವರು ನೋಡಲಿಕ್ಕೆ ಬರತೊಡಗಿದರು. ಬಂದವರೆಲ್ಲ "ಕೂತ್ಕೊ ಮಗಾ, ಕೂತ್ಕೊ" ಎನ್ನುತ್ತಿದ್ದರು, ಚಾಪೆಯ ಮೇಲೆ ಕೂರಿಸಿ ಕೈ ನೋಡುತ್ತಿದ್ದರು, ಬೆರಳು ಎಷ್ಟು ಬೇಗ ಓಡುತ್ತದೆ ಎಂದು. ಪುಂಜಾಲಕಟ್ಟೆಯ ಕಡೆಯ ಒಬ್ಬಳು ಅತ್ತೆಯಾಗುವವಳು ಚಾ ಕುಡಿದು ಗ್ಲಾಸು ಕೆಳಗೆ ಇಟ್ಟು, "ಹುಡುಗಿ ಕೂತರೆ ಏಳದೆ ಎಷ್ಟು ಕಟ್ಟುತ್ತಾಳೆ?" ಎಂದೇ ಕೇಳಿದಳು. ಕೋಳಿ ಕಾವಿಗೆ ಸರಿಯಾಗಿ ಕೂರುತ್ತದಾ ಎಂದು ಕೇಳಿದ ಹಾಗೆ. ಮೋಹಿನಿ ಅಲ್ಲಿಂದ ಎದ್ದಳು. ಅವಳು ಮತ್ತೆ ಯಾರ ಮುಂದೆಯೂ ಕೂರಲಿಲ್ಲ, ಮದುವೆಯೂ ಆಗಲಿಲ್ಲ.

ಆಮೇಲೆ ಅವಳು ಬಿ.ಸಿ.ರೋಡಿನ ದಯಾನಂದನ ಬಟ್ಟೆ ಅಂಗಡಿಗೆ ಸೇರಿದಳು. ಮೊದಲ ದಿನ ಸೀರೆಯ ನೆರಿಗೆ ಪಿನ್ನು ಹಾಕಿ, ಮಲ್ಲಿಗೆ ಮುಡಿದು ನಮ್ಮ ಅಂಗಳದಲ್ಲಿ ಬಂದು ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. "ಫ್ಯಾನಿನ ಅಡಿಯಲ್ಲಿ ನಿಲ್ಲುವ ಕೆಲಸ ದೊಡ್ಡಮ್ಮ! ಬೆನ್ನು ನೆಟ್ಟಗೆ ಇರ್ತದೆ!" ಎಂದಳು. ನಾವು ಬೀಡಿಯವರು ಹೊಟ್ಟೆಕಿಚ್ಚಿನಿಂದ ಅವಳ ಬೆನ್ನು ನೋಡಿದೆವು.

ಆ ಅಂಗಡಿ ನನಗೆ ಹೊಸತಲ್ಲ. ನನ್ನ ತವರು ಬೆಳ್ತಂಗಡಿಯ ಆಚೆ. ಆದರೂ ನನ್ನ ಮದುವೆಯ ಜವುಳಿ ತೆಗೆದದ್ದು ಅದೇ ಅಂಗಡಿಯಲ್ಲಿ, ದಯಾನಂದನ ಅಪ್ಪನ ಕಾಲದಲ್ಲಿ. ಆಗ ಅಂಗಡಿ ಅಂದರೆ ಒಂದು ಎತ್ತರದ ಜಗಲಿ, ಅದರ ಮೇಲೆ ಉದ್ದಕ್ಕೂ ಹಾಸಿಗೆ, ಅದರ ಮೇಲೆ ಬಿಳಿ ವಸ್ತ್ರ. ಚಪ್ಪಲಿ ಕೆಳಗೆ ಬಿಟ್ಟು ನಾವೆಲ್ಲ ಮೇಲೆ ಹತ್ತಿ ಕೂತೆವು. ದಣಿಯೂ ಎದುರಿಗೆ ಕೂತ. ಸೀರೆ ತೋರಿಸುವ ಜನವೂ ಕೂತಿತು. ಒಬ್ಬ ಬೆಲ್ಲ ನೀರು ತಂದು ಕೊಟ್ಟ. ನನ್ನ ಅತ್ತೆ ಒಂದೊಂದು ಸೀರೆಗೂ ಮೂಗು ಮುರಿದಳು. ಸೀರೆ ತೋರಿಸುವವನು ಕೂತಲ್ಲಿಂದಲೇ ಕೈ ಚಾಚಿ ಇನ್ನೊಂದು ಬಿಡಿಸಿ ಹಾಕಿದ. ಕೂತವನು ಮಾರಿದ ಸೀರೆ ಎಂದು ಅದರ ಬಣ್ಣವೇನೂ ಬಿಡಲಿಲ್ಲ.

ಈಗ ಅಲ್ಲಿ ಹಾಸಿಗೆಯೂ ಇಲ್ಲ, ಬೆಲ್ಲ ನೀರೂ ಇಲ್ಲ. ಗಾಜು, ಕನ್ನಡಿ, ಮುಖ ಕಾಣುವ ನೆಲ. ಹುಡುಗಿಯರಿಗೆಲ್ಲ ಒಂದೇ ಬಣ್ಣದ ಸೀರೆ. ಬೆಳಿಗ್ಗೆ ಶಟರ್ ಎತ್ತಿದಲ್ಲಿಂದ ರಾತ್ರಿ ಎಳೆಯುವವರೆಗೆ ನಿಂತಿರಬೇಕು. ಗಿರಾಕಿ ಇದ್ದರೂ ನಿಲ್ಲಬೇಕು, ಇಲ್ಲದಿದ್ದರೂ ನಿಲ್ಲಬೇಕು. ಕಪಾಟಿಗೆ ಒರಗಬಾರದು. ದಯಾನಂದನ ಮಗ ಸಂದೇಶ್ ಮೇಲೆ ಮಾಡಿನ ಉದ್ದಕ್ಕೂ ಕ್ಯಾಮೆರಾ ಕೂರಿಸಿದ್ದಾನೆ. ಮೋಹಿನಿ ಒಮ್ಮೆ ಹೇಳಿದ್ದಳು, "ಆ ಅಂಗಡಿಯಲ್ಲಿ ಕೂತ ಕೆಲಸ ಅಂತ ಇರುದು ಕ್ಯಾಶಿಗೆ ಮತ್ತು ಕ್ಯಾಮೆರಾಕ್ಕೆ ಮಾತ್ರ."

ಹುಡುಗಿಯರು ಉಪಾಯ ಮಾಡುತ್ತಿದ್ದರು. ಎಲ್ಲಕ್ಕಿಂತ ಕೆಳಗಿನ ಕಪಾಟಿನಲ್ಲಿ ಒಳಂಗಿಗಳ ಡಬ್ಬಿಗಳು ಇರುತ್ತವೆ. ಕಾಲು ತಡೆಯದೇ ಹೋದಾಗ ಒಬ್ಬೊಬ್ಬಳೇ ಹೋಗಿ, ಆ ಡಬ್ಬಿಗಳನ್ನು ಸರಿಮಾಡುವವಳ ಹಾಗೆ ಕುಕ್ಕರುಗಾಲಿನಲ್ಲಿ ಕೂರುವುದು. ಒಂದು ಡಬ್ಬಿ ತೆಗೆಯುವುದು, ಅಲ್ಲೇ ಇಡುವುದು. ಕ್ಯಾಮೆರಾಕ್ಕೆ ಬೆನ್ನು ಮಾತ್ರ ಕಾಣುತ್ತದೆ. "ನಮ್ಮ ಅಂಗಡಿಯಲ್ಲಿ ಎಲ್ಲಕ್ಕಿಂತ ಚಂದ ಜೋಡಿಸಿದ ಕಪಾಟು ಅದೇ" ಎಂದು ಹೇಳಿ ಆಯಿಶಮ್ಮ ನಗುತ್ತಿದ್ದಳಂತೆ. ಆಯಿಶಮ್ಮ ಮಕ್ಕಳ ಬಟ್ಟೆಯ ವಿಭಾಗದವಳು, ಕನ್ಯಾನದಿಂದ ಬರುವವಳು. ನೀರು ಕುಡಿದರೆ ಕಕ್ಕಸಿಗೆ ಮಹಡಿ ಇಳಿದು ಹೋಗಬೇಕು ಎಂದು ಇವರು ನೀರನ್ನೂ ಕುಡಿಯುತ್ತಿರಲಿಲ್ಲ. ಸಾಯಂಕಾಲಕ್ಕೆ ಬಾಯಿ ವಾಸನೆ ಬರುತ್ತದೆ ಎಂದು ದಯಾನಂದ ಎಲ್ಲರಿಗೂ ಏಲಕ್ಕಿ ಹಂಚುತ್ತಿದ್ದ. ನೀರು ಕುಡಿಯಿರಿ ಎಂದು ಹೇಳುತ್ತಿರಲಿಲ್ಲ. ಏಲಕ್ಕಿ ಕೊಡುವುದನ್ನು ಮೋಹಿನಿ ದೊಡ್ಡ ಉಪಕಾರದ ಹಾಗೆ ಹೇಳುವಾಗ ನನಗೆ ಏಲಕ್ಕಿ ಹಾಕಿದ ಪಾಯಸವೂ ಬೇಡವಾಗಿತ್ತು.

ಡಾಕ್ಟರು ಹೇಳಿದ ಮೇಲೆ ಮೋಹಿನಿ ಹೆದರಿದಳು. ಕಾಲು ಹೋದರೆ ಯಾರು ನೋಡಿಕೊಳ್ಳುವವರು? ಅಣ್ಣ ತಮ್ಮ ಯಾರೂ ಇಲ್ಲ. ಬೀಡಿಗೆ ಕೂರುವ ಎಂದರೆ ಈಗ ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಬ್ರಾಂಚೂ ವಾರಕ್ಕೆ ಎರಡು ದಿನ ಬಾಗಿಲು ತೆರೆದರೆ ಹೆಚ್ಚು. ಅವಳಿಗೆ ಬೇಕಾದದ್ದು ಒಂದು ಸ್ಟೂಲು, ಇನ್ನೇನೂ ಅಲ್ಲ.

ಅದೇ ಸಮಯಕ್ಕೆ ಆಯಿಶಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಅವಳ ಅಣ್ಣನ ಮಗಳು ರಿಫಾ ಕನ್ಯಾನದಿಂದ ಗಡಿ ದಾಟಿ ಕೇರಳದ ಕಡೆ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ. ಚಿತ್ರದಲ್ಲಿ ಆ ಹುಡುಗಿ ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತು ಹಲ್ಲು ಬಿಟ್ಟಿದ್ದಳು.

"ನೋಡು ಮೋಹಿನಿ, ರಾಣಿಯ ಹಾಗೆ ಕೂತದ್ದು! ಅಲ್ಲಿ ಕಾನೂನೇ ಆಗಿದೆಯಂತೆ, ಕೆಲಸದವರಿಗೆ ಕೂರಲಿಕ್ಕೆ ಕೊಡಬೇಕು ಅಂತ. ಒಂದು ಬಸ್ಸಿನ ದಾರಿ ಅಷ್ಟೇ. ಗಡಿಯ ಆ ಬದಿಯ ಕಾಲು ಬೇರೆ, ಈ ಬದಿಯ ಕಾಲು ಬೇರೆಯಾ?"

ಧೈರ್ಯ ಮಾಡಿ ಮೋಹಿನಿ ದಯಾನಂದನ ಹತ್ತಿರ ಹೋದಳು. ಅವನದ್ದು ತಿರುಗುವ ಕುರ್ಚಿ, ಬೆನ್ನಿಗೆ ಟರ್ಕಿ ಟವೆಲು ಹಾಸಿದ್ದು. ಇವಳು ನಿಂತುಕೊಂಡೇ ಹೇಳಿದಳು. ಅವನು ಅರ್ಧ ತಿರುಗಿದ.

"ಅದು ಕೇರಳ ಮಾರಾಯ್ತಿ. ಅವರು ಎಂತ ಬೇಕಾದ್ರೂ ಮಾಡ್ತಾರೆ. ಇಲ್ಲಿ ಗಿರಾಕಿ ಒಳಗೆ ಬರುವಾಗ ಹುಡುಗಿಯರು ಕೂತಿದ್ರೆ ಅವರಿಗೆ ಮರ್ಯಾದಿ ಕೊಟ್ಟ ಹಾಗೆ ಆಗ್ತದಾ? ನೀನೇ ಹೇಳು."

"ಬ್ಯಾಂಕಿನಲ್ಲಿ ಕೂತೇ ಮಾತಾಡ್ತಾರಲ್ಲ ಅಣ್ಣ."

"ಬ್ಯಾಂಕಿನವರು ಸೀರೆ ಮಾರ್ತಾರಾ?" ಎಂದು ಅವನೇ ನಕ್ಕ. ಆಮೇಲೆ ಸ್ವರ ಸಣ್ಣದು ಮಾಡಿ, "ನಿನಗೆ ನಿಂತು ಕಷ್ಟ. ನನಗೆ ಇಡೀ ದಿನ ಇಲ್ಲಿ ಕೂತು ಕೂತು ಮೂಲವ್ಯಾಧಿ ಆಗಿದೆ. ನಾನು ಯಾರ ಹತ್ರ ಹೇಳ್ಲಿ?" ಎಂದ.

ಮೋಹಿನಿ ಇದನ್ನು ನನಗೆ ಹೇಳುವಾಗ ನಾನು ಊಟ ಮಾಡುತ್ತಿದ್ದೆ. ತಟ್ಟೆ ಬದಿಗಿಟ್ಟೆ. ಒಬ್ಬಳ ಕಾಲು ಕೊಳೆಯುತ್ತಿರುವಾಗ ತನ್ನ ಕುಂಡೆಯ ದುಃಖ ಹೇಳಿಕೊಳ್ಳುವ ಗಂಡಸನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅವಳು ಸಂತೆಯಿಂದ ಒಂದು ಕೆಂಪು ಪ್ಲಾಸ್ಟಿಕ್ ಸ್ಟೂಲು ತಂದು ಕೌಂಟರಿನ ಹಿಂದೆ ಇಟ್ಟುಕೊಂಡಳು. ಗಿರಾಕಿ ಇಲ್ಲದಾಗ ಮಾತ್ರ ಕೂತಳು. ಸಂದೇಶ್ ಮೇಲಿನ ಕೋಣೆಯಲ್ಲಿ ಕೂತು ಕ್ಯಾಮೆರಾ ನೋಡುತ್ತಿದ್ದವನು ಕೆಳಗೆ ಇಳಿದು ಬಂದ. ಸತ್ತ ಹೆಗ್ಗಣದ ಬಾಲ ಹಿಡಿದ ಹಾಗೆ ಎರಡೇ ಬೆರಳಿನಲ್ಲಿ ಸ್ಟೂಲನ್ನು ಎತ್ತಿದ. "ಬೇಜಾರು ಮಾಡ್ಕೋಬೇಡಿ ಅಕ್ಕ, ಇದು ಅಂಗಡಿಯ ಲುಕ್ ಹಾಳು ಮಾಡ್ತದೆ" ಎಂದು ಹೇಳಿ ಗೋಡೌನಿಗೆ ಹಾಕಿಸಿದ. ಕೆಲವು ದಿನ ಕಳೆದು ರಸ್ತೆಯ ಬದಿಯ ಗಾಜಿನ ಕಪಾಟಿಗೆ ಮಂಗಳೂರಿನಿಂದ ಹೊಸ ಗೊಂಬೆ ಬಂತು, ಕೂತ ಭಂಗಿಯದ್ದು. ಗೊಂಬೆ ಕೂರಲಿಕ್ಕೆ ಏನಾದರೂ ಬೇಕಲ್ಲ? ಮೋಹಿನಿಯ ಸ್ಟೂಲನ್ನೇ ತಂದು ರೇಷ್ಮೆ ಶಾಲು ಹೊದಿಸಿ ಅದರ ಮೇಲೆ ಗೊಂಬೆಯನ್ನು ಕೂರಿಸಿದರು. ಕಾಲಿನ ಮೇಲೆ ಕಾಲು ಹಾಕಿ, ಗಲ್ಲಕ್ಕೆ ಕೈ ಕೊಟ್ಟು ಅದು ಬಿ.ಸಿ.ರೋಡಿನ ಬಸ್ಸುಗಳನ್ನು ನೋಡುತ್ತಾ ಕೂತಿತು. ನಾನು ಆ ದಾರಿಯಲ್ಲಿ ಹೋಗುವಾಗ ಗಾಜಿಗೆ ಉಗುಳಬೇಕು ಎಂದು ಬಾಯಿಗೆ ಎಲೆಯಡಿಕೆ ತುಂಬಿಸಿದ್ದೆ. ಜನ ಇದ್ದರು. ಚರಂಡಿಗೇ ಉಗುಳಿದೆ.

ರಾತ್ರಿ ಬಸ್ಸಿನಲ್ಲಿಯೂ ಅವಳಿಗೆ ನಿಲ್ಲುವುದೇ. ಹೆಂಗಸರ ಸೀಟಿನಲ್ಲಿ ಮೊಬೈಲು ನೋಡುತ್ತಾ ಕೂತ ಗಂಡು ಮಕ್ಕಳು ತಲೆ ಎತ್ತುವುದಿಲ್ಲ. ಒಂದು ಸಲ ಅವಳು ಒಬ್ಬನ ಹತ್ತಿರ ಕೇಳಿಯೂ ನೋಡಿದಳಂತೆ. ಅವನು ಅವಳ ಕಾಲಿನ ಕಟ್ಟು ನೋಡಿ ಮೂಗು ಮುಚ್ಚಿ ಎದ್ದುಹೋದ. "ಸೀಟು ಸಿಕ್ಕಿತಲ್ಲ ದೊಡ್ಡಮ್ಮ" ಎಂದು ನಕ್ಕಳು. ನಾನು ನಗಲಿಲ್ಲ.

ಹೀಗಿರುವಾಗ ಅಂಗಡಿಗೆ ಐವತ್ತು ವರ್ಷ ತುಂಬಿತು. ಮೂಡುಬಿದಿರೆಯಲ್ಲಿ ಅವರ ಹೊಸ ಶಾಖೆ ಇರುವುದರಿಂದ ಅಲ್ಲಿಯ ಒಂದು ಹಾಲಿನಲ್ಲಿಯೇ ಸಮಾರಂಭ ಇಟ್ಟರು. ಹಳೆಯ ಕೆಲಸದವರಿಗೆ ಸನ್ಮಾನ, ಅದರಲ್ಲಿ ಮೋಹಿನಿಯ ಹೆಸರೂ ಉಂಟು ಎಂದು ಸಂದೇಶನೇ ಬಂದು ಹೇಳಿದ. ಮನೆಯವರು ಯಾರಾದರೂ ಬರಬೇಕು ಎಂದದ್ದಕ್ಕೆ ಅವಳು ನನ್ನನ್ನು ಕರೆದಳು.

"ನಾನು ಬರುದಿಲ್ಲ. ಆ ದಯಾನಂದನ ಮುಖ ನೋಡಿದ್ರೆ ನನಗೆ ಅನ್ನ ಸೇರುದಿಲ್ಲ."

"ಊಟ ಪೇಪರ್ ತಟ್ಟೆಯಲ್ಲಿ ಅಲ್ಲ ದೊಡ್ಡಮ್ಮ, ಬಾಳೆಲೆಯಲ್ಲಿ. ಬನ್ನಿ" ಎಂದಳು. ಹೋದೆ.

ಅಲ್ಲಿ ಹೋಗಿ ನೋಡಿದರೆ ಸನ್ಮಾನ ಆಗಬೇಕಾದವಳೇ ಬಾಗಿಲಲ್ಲಿ ನಿಂತಿದ್ದಾಳೆ! ಹುಡುಗಿಯರೆಲ್ಲ ಒಂದೇ ಬಣ್ಣದ ಸೀರೆಯಲ್ಲಿ ಎರಡು ಸಾಲು. ಕೈಯಲ್ಲಿ ಪನ್ನೀರು, ಗುಲಾಬಿಯ ಎಸಳು. ಒಂದೊಂದು ಕಾರು ಬಂದ ಹಾಗೆ ಎರಚುವುದು. ನಮ್ಮವರಲ್ಲಿ ಕೂತವಳು ನಾನೊಬ್ಬಳೇ. ಆಯಿಶಮ್ಮ ನನ್ನ ಹತ್ತಿರ ಬಂದು ಕಿವಿಯಲ್ಲಿ, "ಕಾವೇರಮ್ಮ, ಮೋಹಿನಿ ಬಸ್ಸು ಇಳಿದಲ್ಲಿಂದ ನಿಂತೇ ಇದ್ದಾಳೆ. ಅವಳ ಕಟ್ಟು ಒದ್ದೆಯಾಗಿದೆ" ಎಂದಳು.

ವೇದಿಕೆಯ ಮೇಲೆ ಗಣ್ಯರಿಗೆ ಸೋಫಾ. ಮುಂದೆ ನಡುವಿನಲ್ಲಿ ಮದುವೆ ಮಂಟಪದವರ ಬಾಡಿಗೆಯ ಕುರ್ಚಿ, ಕೆಂಪು ಮಖಮಲ್ಲು, ಎರಡು ಬದಿಗೂ ಚಿನ್ನದ ಬಣ್ಣದ ಸಿಂಹ. ನಮ್ಮ ಕಡೆ ಸನ್ಮಾನ ಎಂದರೆ ಹಾಗೆಯೇ. ಸನ್ಮಾನದವರನ್ನು ಕೂರಿಸುವುದು, ದೊಡ್ಡ ಜನ ಸುತ್ತ ನಿಲ್ಲುವುದು, ಪೇಟ, ಶಾಲು, ಹಾರ, ಹಣ್ಣಿನ ತಟ್ಟೆ, ಫೋಟೋ. ಅಷ್ಟು ಆದ ಕೂಡಲೇ ಎಬ್ಬಿಸಿ ಕಳಿಸುವುದು. ಮುಂದಿನವರು ಕಾಯುತ್ತಿರುತ್ತಾರಲ್ಲ.

ನಿರೂಪಣೆಯ ಹುಡುಗ ಮೈಕು ಹಿಡಿದು ಬಾಯಿ ತುಂಬಾ ಜೇನು ಸುರಿಸಿದ. ಮೋಹಿನಿಯವರು ಈ ಸಂಸ್ಥೆಯ ಆಧಾರಸ್ತಂಭ ಅಂತೆ. ಸ್ತಂಭ! ಇಷ್ಟು ವರ್ಷ ಅವಳನ್ನು ಹಾಗೆಯೇ ಇಟ್ಟದ್ದು ಸುಳ್ಳಲ್ಲ. ಮುಖ್ಯ ಅತಿಥಿ ಎದ್ದು, "ದಣಿವರಿಯದೆ ನಿಂತ ಈ ಪಾದಗಳಿಗೆ ನನ್ನ ನಮಸ್ಕಾರ" ಎಂದು ಕೈ ಮುಗಿದ. ಪಾದ ಯಾವ ಗತಿಯಲ್ಲಿ ಉಂಟು ಎಂದು ಅವನು ಮೆಟ್ಟಿಲ ಬುಡದಲ್ಲಿ ನಿಂತವಳ ಕಡೆ ನೋಡಲಿಲ್ಲ. ಜನ ಚಪ್ಪಾಳೆ ಹೊಡೆದರು.

ಮೋಹಿನಿ ಬಂದಳು. ಕುರ್ಚಿಯ ಕೈ ಹಿಡಿದು ಮೆಲ್ಲ ಕೂತಳು. ಪೇಟ ಕಣ್ಣಿನವರೆಗೆ ಇಳಿಯಿತು. ಶಾಲು ಹೊದಿಸಿದರು, ಹಾರ ಹಾಕಿದರು, ಮಡಿಲಿಗೆ ಹಣ್ಣಿನ ತಟ್ಟೆ ಕೊಟ್ಟರು. ಆ ತಟ್ಟೆ ಮಡಿಲಿಗೆ ಬಂದ ಕ್ಷಣ ಅವಳ ತಾಯಿ ತಡ್ಪೆ ಇಟ್ಟುಕೊಂಡು ಕೂತ ಹಾಗೆಯೇ ಕಂಡಳು. ಫೋಟೋದವನು ಕ್ಲಿಕ್ಕಿಸಿದ. ನಿರೂಪಣೆಯವನು, "ಧನ್ಯವಾದಗಳು. ಈಗ ನಮ್ಮ ಹಿರಿಯ ಟೈಲರ್, ಬೆಳ್ತಂಗಡಿಯ ಮಾಯಿಲಪ್ಪನವರು..." ಎಂದ.

ಮೋಹಿನಿ ಏಳಲಿಲ್ಲ.

ಮಾಯಿಲಪ್ಪ ಮೆಟ್ಟಿಲು ಹತ್ತಿ ಬಂದು ನಿಂತ. ಅವನು ಅಂಗಡಿಯ ಹೊರಗೆ ಸೀರೆಗೆ ಫಾಲ್ ಹೊಲಿಯುತ್ತಾ ಮುದುಕನಾದವನು. ದಯಾನಂದ ಬಗ್ಗಿ, "ಆಯ್ತಲ್ಲ ಮೋಹಿನಿ" ಎಂದ. ನಿರೂಪಣೆಯವನ ಮೈಕು ಅಲ್ಲೇ ಇದ್ದದ್ದರಿಂದ ಅದು ಇಡೀ ಹಾಲಿಗೆ ಕೇಳಿಸಿತು.

"ಗೊತ್ತುಂಟು ಅಣ್ಣ."

"ಎಂತ, ಹುಷಾರಿಲ್ವಾ?"

"ಹುಷಾರುಂಟು. ಕೂತಿದ್ದೇನೆ."

"ಮುಂದಿನವರು ಕಾಯ್ತಾ ಇದ್ದಾರೆ ಮಾರಾಯ್ತಿ. ಏಳು."

"ಬೇರೆ ಕುರ್ಚಿ ಹಾಕಿ. ನಿಮ್ಮ ಕೈಯಲ್ಲಿ ಕುರ್ಚಿಗೆ ಎಂತ ಬರಗಾಲ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಂದೇಶ್ ಓಡಿ ಬಂದು ಅವಳ ತೋಳಿಗೆ ಕೈ ಹಾಕಿದ. ಅವಳು ಕೈ ಕೊಡವಿದಳು. ಹಣ್ಣಿನ ತಟ್ಟೆಯನ್ನು ಎತ್ತಿ ಅವನ ಕೈಗೇ ಕೊಟ್ಟಳು. ಆಮೇಲೆ ಅವಳು ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಸ್ಮರಣಿಕೆಗಳನ್ನು ಇಡಲಿಕ್ಕೆ ಪಕ್ಕದಲ್ಲಿ ಒಂದು ಟೀಪಾಯಿ ಇತ್ತು, ಜರಿಯ ವಸ್ತ್ರ ಹಾಸಿದ್ದು. ಅದನ್ನು ಹತ್ತಿರ ಎಳೆದಳು. ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಅದರ ಮೇಲೆ ಇಟ್ಟಳು. ಸೀರೆ ಸ್ವಲ್ಪ ಮೇಲೆ ಹೋಯಿತು. ಕಟ್ಟಿನ ಹಳದಿ ಕಲೆ ಮುಂದಿನ ಸಾಲಿನವರಿಗೆಲ್ಲ ಕಂಡಿತು. ಫ್ಯಾನಿನ ಗಾಳಿ ಸೋಫಾದ ಕಡೆಗೇ ಬೀಸುತ್ತಿತ್ತು. ಪಾದಗಳಿಗೆ ನಮಸ್ಕಾರ ಮಾಡಿದ ಮುಖ್ಯ ಅತಿಥಿ ಕರವಸ್ತ್ರ ತೆಗೆದು ಮೂಗಿಗೆ ಹಿಡಿದ.

"ಡಾಕ್ಟರು ಕಾಲು ಎತ್ತಿ ಇಡ್ಲಿಕ್ಕೆ ಹೇಳಿದ್ದಾರೆ" ಎಂದು ಮೋಹಿನಿ ಹೇಳಿದಳು. "ಅಂಗಡಿಯಲ್ಲಿ ಒಂದು ಸ್ಟೂಲು ಕೇಳಿದೆ, ಆಗುದಿಲ್ಲ ಅಂದ್ರು. ಇಲ್ಲಿ ನೀವೇ ಕರೆದು ಕೂರಿಸಿದ್ದೀರಿ. ಇನ್ನು ಸ್ವಲ್ಪ ಹೊತ್ತು ಕೂರ್ತೇನೆ."

ದಯಾನಂದನ ಮುಖ ಬೆವರಿತು. ಆಗ ಮಾಯಿಲಪ್ಪ ಬಾಯಿ ಬಿಟ್ಟ:

"ಅವಳು ಕೂರಲಿ ದಣಿ. ನಾನು ಮಿಷನಿನ ಮುಂದೆ ಕೂತು ಕೂತು ಬಿಲ್ಲಿನ ಹಾಗೆ ಆಗಿದ್ದೇನೆ. ನನಗೆ ಆ ಸಿಂಹದ ಕುರ್ಚಿ ಬೇಡ. ನಿಂತಲ್ಲಿಯೇ ಶಾಲು ಹಾಕಿ ಬಿಡಿ, ಸ್ವಲ್ಪ ಬೆನ್ನಾದರೂ ನೆಟ್ಟಗೆ ಆಗ್ಲಿ."

ಜನ ಹೋ ಎಂದು ನಕ್ಕರು. ಹುಡುಗಿಯರ ಸಾಲಿನಿಂದ ಮೊದಲು ಆಯಿಶಮ್ಮ, ಆಮೇಲೆ ಉಳಿದವರು ಬಂದು ಖಾಲಿ ಕುರ್ಚಿಗಳಲ್ಲಿ ಕೂತರು. ಪನ್ನೀರಿನ ಬಟ್ಟಲು ಬಾಗಿಲಲ್ಲೇ ಉಳಿಯಿತು. ಕೊನೆಯ ಕಾರಿನವರಿಗೆ ಎರಚಲಿಕ್ಕೆ ಯಾರೂ ಇರಲಿಲ್ಲ.

ದಯಾನಂದ ವ್ಯಾಪಾರಿ. ಎಲ್ಲಿ ಏನು ಮಾರಬೇಕು ಎಂದು ಅವನಿಗೆ ಗೊತ್ತು. ಮೈಕು ಕಸಿದುಕೊಂಡು, "ನಮ್ಮ ಹೆಣ್ಣುಮಕ್ಕಳು ನಮ್ಮ ಮನೆಯ ಮಕ್ಕಳು. ಈ ಸುವರ್ಣ ವರ್ಷದ ಕಾಣಿಕೆಯಾಗಿ ನಮ್ಮ ಎರಡೂ ಅಂಗಡಿಗಳಲ್ಲಿ ಎಲ್ಲರಿಗೂ ಕೂರಲಿಕ್ಕೆ ವ್ಯವಸ್ಥೆ ಮಾಡಬೇಕು ಅಂತ ನಾನು ಮೊದಲೇ ತೀರ್ಮಾನ ಮಾಡಿದ್ದೆ!" ಎಂದ. ಮೊದಲೇ! ಚಪ್ಪಾಳೆಯೋ ಚಪ್ಪಾಳೆ. ಸೋಫಾದವರು ಎದ್ದು ಅವನ ಕೈ ಕುಲುಕಿದರು. ಮುಖ್ಯ ಅತಿಥಿ ಕರವಸ್ತ್ರ ಕಿಸೆಗೆ ಹಾಕಿ ಅವನಿಗೆ ತನ್ನ ಹಾರವನ್ನೇ ಹಾಕಿದ. ಕೊಳೆತ ಕಾಲಿನ ಮುಂದೆ ನಿಂತು ಒಬ್ಬರಿಗೊಬ್ಬರು ಹಾರ ಹಾಕಿಕೊಳ್ಳುವ ಇವರನ್ನು ನೋಡಿ, ಆ ಹುಣ್ಣಿನ ವಾಸನೆಯೇ ಎಷ್ಟೋ ವಾಸಿ ಎಂದು ನನಗೆ ಕಂಡಿತು. ಬಾಳೆಲೆಯ ಊಟ ನಾನು ಮುಟ್ಟಲಿಲ್ಲ. ಮೋಹಿನಿ ಎರಡು ಸಲ ಪಾಯಸ ಹಾಕಿಸಿಕೊಂಡಳು.

ಸ್ಟೂಲು ಬಂತು. ತಂದದ್ದು ಎತ್ತರದ ಕಬ್ಬಿಣದ್ದು, ಕೂತರೆ ಜಾರುವಂಥದ್ದು. ಅದರ ಮೇಲೆ ಹುಡುಗಿಯರನ್ನು ಕೂರಿಸಿ ಫೋಟೋ ತೆಗೆದು ಸಂದೇಶ್ ಎಲ್ಲರ ಮೊಬೈಲಿಗೆ ಕಳಿಸಿದ. ಆಮೇಲೆ ಮೋಹಿನಿ ನೇರ ರಸ್ತೆ ಬದಿಯ ಗಾಜಿನ ಕಪಾಟಿಗೆ ಹೋಗಿ ಗೊಂಬೆಯನ್ನು ಎತ್ತಿ ನೆಲದಲ್ಲಿ ಕೂರಿಸಿ ತನ್ನ ಕೆಂಪು ಸ್ಟೂಲನ್ನು ತಂದುಕೊಂಡಳು. ಯಾರೂ ತಡೆಯಲಿಲ್ಲ. ಮೈಕಿನಲ್ಲಿ ಹೇಳಿದ ಮಾತು ಊರಿಗೆಲ್ಲ ಗೊತ್ತಾಗಿತ್ತಲ್ಲ.

ಮೊನ್ನೆ ನಾನು ಒಂದು ಒಳಲಂಗ ತೆಗೆಯುವ ನೆಪ ಮಾಡಿಕೊಂಡು ಅವಳನ್ನು ನೋಡಲಿಕ್ಕೆ ಹೋದೆ. ಕೂತಿದ್ದಳು. ಹುಣ್ಣಿನ ಅಂಚಿನಲ್ಲಿ ಎಳೆಯ ಚರ್ಮ ಬರುತ್ತಿದೆ ಎಂದಳು. ಅಷ್ಟರಲ್ಲಿ ಗುಲಾಬಿ ಬಂದಳು, ಕಲ್ಲಡ್ಕದವಳು. ನಮ್ಮ ಬೀಡಿ ಬ್ರಾಂಚಿನ ಜಗಲಿಯಲ್ಲಿ ನನ್ನ ಬದಿಯಲ್ಲೇ ಕೂತು ಕಟ್ಟಿದವಳು. ಕೂತು ಕೂತು ಮೊಣಕಾಲು ಹೋದದ್ದು, ಈಗ ನಡೆಯುವಾಗ ಬಾತುಕೋಳಿ. ಜೊತೆಗೆ ಸೊಸೆ ವಿಸ್ಮಿತಾ. ಮೋಹಿನಿ ಕೂತಲ್ಲಿಂದಲೇ ಕೈ ಚಾಚಿ ಸೀರೆ ತೆಗೆದು ಬಿಡಿಸಿ ಹಾಕಿದಳು. ಗುಲಾಬಿಯ ಮುಖ ಗಂಟಾಯಿತು.

"ಇದೆಂತ ಕ್ರಮ? ಕೂತಲ್ಲಿಂದಲೇ ತೋರಿಸುದಾ? ಎದ್ದು ತೋರಿಸ್ಲಿಕ್ಕೆ ಆಗುದಿಲ್ವಾ? ನಾವೆಂತ ಇಲ್ಲಿ ಭಿಕ್ಷೆಗೆ ಬಂದದ್ದಾ?"

ನನಗೆ ದಯಾನಂದನ ಮೇಲೆ ಬಂದದ್ದಕ್ಕಿಂತ ಹೆಚ್ಚು ಹೇಸಿಗೆ ಆ ಹೊತ್ತಿಗೆ ಬಂತು. ಅವನು ಕುರ್ಚಿಯಲ್ಲಿ ಹುಟ್ಟಿದವನು. ಇವಳಿಗೆ ಏನಾಗಿದೆ?

"ಗುಲಾಬಿ, ನೀನು ಬೀಡಿ ಕಟ್ಟುವಾಗ ಬ್ರಾಂಚಿನವ ಬಂದ್ರೆ ಎದ್ದು ನಿಂತು ಕಟ್ತಿದ್ದೆಯಾ?" ಎಂದೆ.

"ಅದು ಬೇರೆ, ಇದು ಬೇರೆ ಕಾವೇರಕ್ಕ. ನಾವು ಗಿರಾಕಿಗಳು."

ವಿಸ್ಮಿತಾ ನಾಚಿಕೆಯಿಂದ ಸೀರೆಯ ಸೆರಗನ್ನು ಮಡಚತೊಡಗಿದಳು. ಮೋಹಿನಿ ಸಿಟ್ಟಾಗಲಿಲ್ಲ. "ಗುಲಾಬಕ್ಕ, ನಿಮ್ಮ ಮೊಣಕಾಲು ನೋಯ್ತದಲ್ವಾ. ಆಚೆ ಕುರ್ಚಿ ಉಂಟು, ಎಳ್ಕೊಂಡು ಕೂತ್ಕೊಳ್ಳಿ. ಕೂತು ನೋಡಿದ್ರೆ ಬಣ್ಣ ಒಳ್ಳೆ ಕಾಣ್ತದೆ" ಎಂದಳು. ಗುಲಾಬಿ ಕುರ್ಚಿ ಎಳೆದಳು. ಮೊಣಕಾಲು ಲಟಕ್ಕೆಂದಿತು. ಕೂತು ಎಲ್ಲವನ್ನೂ ಬಿಡಿಸಿ ನೋಡಿದಳು, ಎಲ್ಲದಕ್ಕೂ ಮೂಗು ಮುರಿದಳು, ಕೊನೆಗೆ ಮೊದಲು ತೋರಿಸಿದ್ದನ್ನೇ ತೆಗೆದುಕೊಂಡಳು. ಹೋಗುವಾಗ ಕ್ಯಾಶಿನ ಮುಂದೆ ನಿಂತು ದೊಡ್ಡ ಸ್ವರದಲ್ಲಿ, "ದಯಾನಂದಣ್ಣ, ನಿಮ್ಮ ಆ ಹುಡುಗಿ ಗಿರಾಕಿ ಬಂದ್ರೂ ಏಳುದೇ ಇಲ್ಲ!" ಎಂದು ದೂರು ಹೇಳಿಯೇ ಹೋದಳು.

ದಯಾನಂದ ತಿರುಗುವ ಕುರ್ಚಿಯಲ್ಲಿ ಪೂರ್ತಿ ತಿರುಗಿ ನಮ್ಮ ಕಡೆ ನೋಡಿದ. ನೋಡುತ್ತಲೇ ಇದ್ದ. ಈಗ ಇವಳು ಏಳುತ್ತಾಳೆ ಎಂದುಕೊಂಡೆ. ಮೋಹಿನಿ ಬಗ್ಗಿ ಕೆಳಗಿನ ಕಪಾಟಿನಿಂದ ಒಳಂಗಿಯ ಡಬ್ಬಿಗಳನ್ನು ಒಂದೊಂದೇ ತೆಗೆದು ಒಂದರ ಮೇಲೊಂದು ಜೋಡಿಸಿದಳು. ಸರಿಯಾದ ಎತ್ತರ ಬಂದ ಮೇಲೆ ಎಡಗಾಲನ್ನು ಎತ್ತಿ ಅವುಗಳ ಮೇಲೆ ಇಟ್ಟುಕೊಂಡಳು. "ಒಳಲಂಗ ಯಾವ ಬಣ್ಣದ್ದು ದೊಡ್ಡಮ್ಮ?" ಎಂದು ಕೇಳಿದಳು.